ಗಾಯದ ಬಾಯಿಗೆ ಎದ್ದ ಗೋಡೆ

ಲೋಕ ಹೊಸದಾಗಿದ್ದ ಕಾಲ. ವೈಶಾಖ ಶುದ್ಧ ದಶಮಿ. ಬೆಳಗ್ಗೆ ಬಿಸಿಲು, ಆಮೇಲೆ ಮೋಡ, ಗಾಳಿಯಿಲ್ಲ.

ಆಗ ಯಾರ ಮೈಮೇಲೂ ಕಲೆ ಇರಲಿಲ್ಲ. ಹಲ್ಲಿಗೆ ಬಾಲ ಹೋದರೆ ಬಾಲ ಬರುತ್ತಿತ್ತು. ಮನುಷ್ಯರಿಗೆ ಬೆರಳು ಹೋದರೆ ಬೆರಳು ಬರುತ್ತಿತ್ತು, ಉಗುರಿನ ಸಮೇತ.

ರಕ್ತದೊಳಗೆ ಬಿಳಿ ಕಾವಲುಗಾರರಿದ್ದರು. ಗಾಯವಾದರೆ ಓಡಿಬಂದು ನಂಜನ್ನು ಕಚ್ಚುತ್ತಿದ್ದರು. ನಂಜು ಸತ್ತ ಮೇಲೆ ಕಚ್ಚುವುದನ್ನು ನಿಲ್ಲಿಸಿ, ಮೈ ಕಟ್ಟುವವರನ್ನು ಕರೆಯುತ್ತಿದ್ದರು. ಕಟ್ಟುವವರದು ನಿಧಾನದ ಕೆಲಸ. ಕಚ್ಚಾಟ ನಿಲ್ಲದೆ ಅವರು ಹತ್ತಿರ ಬರುತ್ತಿರಲಿಲ್ಲ.

ಮನುಷ್ಯರದು ಇದ್ದುದು ಒಂದೇ ಮನೆ, ಈರವ್ವನದು. ಅಂದು ಹುಲ್ಲು ಕೊಯ್ಯುವಾಗ ಅವಳ ಮಗಳು ಗಂಗಿಯ ಕಿರುಬೆರಳು ತುಂಡಾಯಿತು.

"ಅಳಬೇಡ್ವೆ, ಬರುತ್ತೆ. ನಿಮ್ಮಪ್ಪಂದು ಬರಲಿಲ್ವಾ?"

"ಅಪ್ಪಂದು ಸೊಟ್ಟಗೆ ಬಂತು," ಎಂದಳು ಗಂಗಿ, ಬಿಕ್ಕುತ್ತಲೇ.

ಈ ಸಲ ನಂಜು ಜೋರಾಗಿತ್ತು. ಕೈ ಮೊಣಕೈವರೆಗೆ ಊದಿತು. ಮೈ ಕೆಂಡವಾಯಿತು. ಗಾಯದೊಳಗಿಂದ ನಂಜು ಮೆಲ್ಲಗೆ ಹೇಳಿತು: "ಈರವ್ವ, ಬಾಗಿಲು ತೆರೆದೇ ಇದೆಯಲ್ಲ. ನಮ್ಮವರು ಇನ್ನೂ ಬರೋರಿದ್ದಾರೆ."

ಕಾವಲುಗಾರರು ಕಚ್ಚಿದರು, ಸತ್ತರು, ಕೀವಾಗಿ ಹರಿದರು. ಮತ್ತೆ ಬಂದರು, ಮತ್ತೆ ಕಚ್ಚಿದರು. ಕೊನೆಗೆ ನಂಜು ಸತ್ತಿತು. ಗಾಯದ ತುದಿಯಲ್ಲಿ ಸಾಸಿವೆಯಷ್ಟು ಬೆರಳಿನ ಮೊಳಕೆ ಕಂಡಿತು.

"ಮುಗೀತು ತಾಯಿ," ಎಂದ ಹಿರಿಯ ಕಾವಲುಗಾರ. "ಕಚ್ಚೋದು ನಿಲ್ಲಿಸಲಾ? ಕಟ್ಟೋರು ಕಾಯ್ತಿದ್ದಾರೆ."

"ಎಷ್ಟು ದಿನ ಬೇಕು?"

"ಒಂದು ಮಳೆಗಾಲ."

"ಅಲ್ಲಿವರೆಗೆ ಬಾಗಿಲು?"

"ತೆರೆದಿರುತ್ತೆ."

ಈರವ್ವನ ಕಿವಿಯಲ್ಲಿ ನಂಜಿನ ದನಿ ಇನ್ನೂ ಇತ್ತು. "ನಿಲ್ಲಿಸಬೇಡಿ. ಈಗಲೇ ಮುಚ್ಚಿ."

"ಅವಸರಕ್ಕೆ ಒರಟು ನಾರಿನ ಗೋಡೆಯಷ್ಟೇ ಏಳೋದು. ಮೊಳಕೆ ಒಳಗೇ ಉಸಿರುಗಟ್ಟುತ್ತೆ."

ಮನೆಯ ಗೋಡೆಯ ಮೇಲಿದ್ದ ಹಲ್ಲಿ ಹೇಳಿತು, "ತಾಳಮ್ಮ. ನಾನು ತಾಳಲಿಲ್ವಾ?"

"ನೀನು ಕಾದದ್ದು ಬಾಲಕ್ಕೆ. ನಾನು ಕಾಯ್ತಿರೋದು ಮಗಳನ್ನ. ಮುಚ್ಚಿ."

ಮುಚ್ಚಿದರು. ಗಂಗಿ ಬದುಕಿದಳು. ಬೆರಳು ಬರಲಿಲ್ಲ.

ಒಂದು ಬೆರಳು ತಾನೇ, ಎಂದುಕೊಂಡಳು ಈರವ್ವ.

ಗಂಗಿ ತಾಯಾದಳು. ಅವಳ ಮಗನ ಬೆರಳು ಒನಕೆಗೆ ಸಿಕ್ಕಿ ತುಂಡಾಯಿತು. ಈರವ್ವ ಮುದುಕಿಯಾಗಿದ್ದಳು. ಗಾಯದ ಬಳಿ ಬಾಗಿ, "ಈ ಸಲ ಕಾಯ್ತೀನಪ್ಪ, ನಿಲ್ಲಿಸಿ," ಎಂದಳು.

ಒಳಗಿನಿಂದ ಹೊಸ ದನಿ ಬಂತು: "ನಿಲ್ಲಿಸೋದು ಅಂದ್ರೇನಜ್ಜಿ? ನಾವು ಗಂಗಿಯ ರಕ್ತದಲ್ಲಿ ಹುಟ್ಟಿದವರು. ಬಾಗಿಲು ಕಂಡರೆ ಮುಚ್ಚೋದೊಂದೇ ನಮಗೆ ಕಲಿಸಿದ್ದು."

ಈರವ್ವ ಕೊಟ್ಟದ್ದು ಒಂದು ಬೆರಳಲ್ಲ. ನಾವೆಲ್ಲ ಗಂಗಿಯ ಸಂತತಿ, ಮಗು. ಅದಕ್ಕೇ ನಿನ್ನ ಮೊಣಕಾಲಿನ ಗಾಯ ಬೇಗ ಮುಚ್ಚಿತು, ಮುಚ್ಚಿದ ಜಾಗದಲ್ಲಿ ಬಿಳಿ ಗೆರೆ ಉಳಿಯಿತು, ಆ ಗೆರೆಯ ಮೇಲೆ ಒಂದು ಕೂದಲೂ ಹುಟ್ಟುವುದಿಲ್ಲ.