ಬಿಸಿಲು ಮಡಚದ ಸೀರೆ

ಗದಗಿನ ಸೀರೆ ಅಂಗಡಿಯ ಗುರುಶಾಂತಪ್ಪ ಸಾವಕಾರರು ಕರೆಂಟ್ ಉಳಿಸಲು ಮೊದಲು ಆಳುಗಳ ಫ್ಯಾನು ಕೀಳಿಸಿದರು. ಆಮೇಲೆ, "ಈ ತಿಂಗಳು ಬಿಲ್ಲು ಅರ್ಧ ಆಗಲಿಲ್ಲಂದ್ರ ನಿಮ್ಮೊಳಗ ಒಬ್ಬಾಂವ ಮನೀಗೆ" ಎಂದರು.

ಬೆವರಲ್ಲಿ ತೊಯ್ದಿದ್ದ ಮುದಿ ಗುಮಾಸ್ತ ಮರುದಿನ, ದೀಪ ಝಗಮಗಿಸಲೆಂದು ಸಾವಕಾರರು ಕಿಟಕಿಗೆ ಬಡಿಸಿದ್ದ ಹಲಗೆ ತೆಗೆದ. ಅಂಗಡಿಯ ನಲವತ್ತೂ ದೀಪ ಆರಿಸಿದ.

ಸಾವಕಾರರು ಹೌಹಾರಿದರು. "ದೀಪ ಇಲ್ದ ಸೀರಿ ಯಾರ್ ತಗೋತಾರಲೇ?"

"ನಿಮ್ಮ ದೀಪ ನಂಬಿ ಒಬ್ಬ ಹೆಣ್ಮಗಳೂ ತಗೊಂಡಿಲ್ರಿ. ಬಣ್ಣ ನೋಡಾಕ ಎಲ್ಲಾರೂ ಬಾಗಿಲಾಚೆ ಬಿಸಿಲಿಗೇ ಹೋಗ್ತಾರ. ಆ ಬಿಸಿಲನ್ನ ಒಳಗ ಕರದೆ."

"ಬಿಸಿಲೇ ಸೀರಿ ಮಾರತೈತಿ ಅಂದಮ್ಯಾಲೆ ನೀವ್ಯಾಕಲೇ?"

ಗುಮಾಸ್ತ ಗಿರಾಕಿಗಳು ನೋಡಿ ಬಿಟ್ಟುಹೋಗಿದ್ದ ಸೀರೆಗಳ ರಾಶಿ ನೋಡಿದ. "ಬಿಚ್ಚಿದ್ದನ್ನ ಬಿಸಿಲು ಮಡಚೂದಿಲ್ರಿ, ಸಾವಕಾರ್ರ."

ಆ ತಿಂಗಳು ಬಿಲ್ಲು ಅರ್ಧಕ್ಕಿಳಿಯಿತು. ಯಾರ ಕೆಲಸವೂ ಹೋಗಲಿಲ್ಲ. ಕಿತ್ತ ಫ್ಯಾನು ಮಾತ್ರ ಗೋದಾಮಿನಲ್ಲೇ ಉಳಿಯಿತು.