ಒದ್ದೆಗಂಬಳಿ ದಿಣ್ಣೆ

ಉರಿಬಯಲನ್ನು ಹನ್ನೊಂದು ಸಲ ಬರಿಗಾಲಲ್ಲಿ ದಾಟಿದ ಮನುಷ್ಯ ಈ ಸೀಮೆಯಲ್ಲಿ ಒಬ್ಬನೇ ಇದ್ದಾನೆ. ಅವನು ನಿಮ್ಮ ಎದುರಿಗೇ ಕೂತಿದ್ದಾನೆ. ಈ ಮಾತು ಸುಳ್ಳು. ನಾನು ದಾಟಿದ್ದು ಒಂದೇ ಸಲ, ಅದೂ ಈರುಳ್ಳಿ ಮೂಟೆಗಳ ಟೆಂಪೋದಲ್ಲಿ, ಅರ್ಧ ದಾರಿ ನಿದ್ದೆ ಹೊಡೆಯುತ್ತ. ಆದರೆ ಇನ್ನು ಮುಂದೆ ಹೇಳುವುದು ಆ ಬಯಲಿನ ಕುರಿಗಾರರು ತಲೆತಲಾಂತರದಿಂದ ಹೇಳಿಕೊಂಡು ಬಂದದ್ದು. ನನ್ನ ಕೈಯಿಂದ ಬಿದ್ದದ್ದೇನಾದರೂ ಇದ್ದರೆ ಅಡುಗೆಗೆ ಉಪ್ಪು ಬೀಳುವಷ್ಟು.

ಈ ಚಹಾದಂಗಡಿಯ ಹಿಂದೆ ಹೋಗಿ ಬಡಗಲಿಗೆ ಮುಖ ಮಾಡಿ ನಿಂತರೆ ಬಿಸಿಲಿನ ಝಳದಲ್ಲಿ ನಡುಗುವಂತೆ ಕಾಣುವ ಒಂದು ಬೋಳು ದಿಣ್ಣೆ ಇದೆ. ಅದೇ ಒದ್ದೆಗಂಬಳಿ ದಿಣ್ಣೆ. ಎತ್ತರ ಎರಡಾಳು ಬಂದರೆ ಹೆಚ್ಚು. ಮೇಲೊಂದು ಜಾಲಿಗಿಡವೂ ಇಲ್ಲ. ಸುತ್ತ ಕಣ್ಣು ಹರಿಯುವಷ್ಟು ದೂರ ಕೆಂಪು ಮರಳು, ನಡುನಡುವೆ ಸುಣ್ಣದ ಹರಳು. ಮಳೆಗಾಲವೆಂಬುದು ಅಲ್ಲಿಗೆ ಪಂಚಾಂಗದಲ್ಲಿ ಮಾತ್ರ ಬರುತ್ತದೆ. ಕೊಳವೆಬಾವಿ ಯಂತ್ರದವರು ಒಮ್ಮೆ ಬಂದು ಆರುನೂರು ಅಡಿ ಕೊರೆದು, ಮೈತುಂಬ ಬಿಳಿ ಧೂಳು ಬಳಿದುಕೊಂಡು ವಾಪಸಾದರು. ಇಂಥ ಜಾಗಕ್ಕೆ ‘ಒದ್ದೆ’ ಎಂಬ ಮಾತು ಹೇಗೆ ಅಂಟಿತು ಎಂದು ಹೊಸಬರು ಕೇಳುತ್ತಾರೆ. ಹತ್ತಿರ ಹೋದವರಿಗೆ ದಿಣ್ಣೆಯ ನೆತ್ತಿಯಲ್ಲಿ ಎರಡು ಮೊಳದ ಕರಿಗಲ್ಲೊಂದು ಅಡ್ಡ ಮಲಗಿರುವುದು ಕಾಣುತ್ತದೆ. ಒಂದು ತುದಿ ದಪ್ಪ, ಇನ್ನೊಂದು ಚೂಪು. ಮೂತಿ ಚಾಚಿ ಮಲಗಿದ ಕುರಿಯ ಹಾಗೆ. ಆ ಮೂತಿ ಎಲ್ಲ ವರ್ಷವೂ ಒಂದೇ ದಿಕ್ಕಿಗಿರುವುದಿಲ್ಲ. ಕಲ್ಲಿನ ಪಕ್ಕ ಹಸಿರುಗಟ್ಟಿದ ಕಂಚಿನ ಗಂಟೆಗಳ ಒಂದು ಗುಪ್ಪೆ ಇದೆ. ಎತ್ತಿ ಅಲ್ಲಾಡಿಸಿದರೆ ಒಂದೂ ಸದ್ದು ಮಾಡುವುದಿಲ್ಲ.

ಹಿಂದೆ ಒಮ್ಮೆ, ರಸ್ತೆಯೆಂಬುದೇ ಇಲ್ಲದ ಕಾಲದಲ್ಲಿ, ಕುರಿಗಾರರು ಬೇಸಿಗೆಯ ಮೊದಲಿಗೆ ತೆಂಕಲಿಂದ ಹೊರಟು ಉರಿಬಯಲನ್ನು ಹಾಯ್ದು ಬಡಗಲ ಹೊಳೆದಂಡೆಯ ಹೊಲಗಳಿಗೆ ಹೋಗುತ್ತಿದ್ದರು. ಹಿಂಡಿನ ನಡಿಗೆಗೆ ಅದು ಐದು ದಿನದ ದಾರಿ. ನಡುವೆ ನೀರು ಇದ್ದದ್ದು ಒಂದೇ ಕಡೆ. ದಿಣ್ಣೆಯನ್ನು ಕುದುರೆಯ ಲಾಳದ ಹಾಗೆ ಬಳಸಿಕೊಂಡು ಸತ್ತಹಳ್ಳವೆಂಬ ಒಣಹಳ್ಳ ಮಲಗಿತ್ತು. ಅದರ ಮರಳಿನಲ್ಲಿ ಎಲ್ಲೋ ಒಂದು ಜಾಗದಲ್ಲಿ ಕೈಯಿಂದ ತೋಡಿದರೆ ಒರತೆ ಏಳುತ್ತಿತ್ತು. ಆ ‘ಎಲ್ಲೋ’ ಎಂಬುದು ವರ್ಷವರ್ಷಕ್ಕೂ ಜಾಗ ಬದಲಿಸುತ್ತಿತ್ತು. ಒಂದು ವರ್ಷ ಮೂಡಲಿಗೆ, ಒಂದು ವರ್ಷ ಪಡುವಲಿಗೆ. ಮೊದಲು ಬಂದ ಹಿಂಡಿನವರು ಅದನ್ನು ಹುಡುಕಿ, ಕುಡಿದು, ಗಾಳಿಗೆ ಹೂತುಹೋಗದಂತೆ ಚಪ್ಪಡಿ ಮುಚ್ಚಿ ಹೋಗಬೇಕು. ಹಿಂದೆ ಬರುವವರಿಗಾಗಿ ಅವರಲ್ಲೊಬ್ಬ ದಿಣ್ಣೆಗೆ ಮರಳಿ ಕಲ್ಲಿನ ಮೂತಿಯನ್ನು ಒರತೆಯ ಕಡೆಗೆ ತಿರುಗಿಸಿಡಬೇಕು. ಹೊಸ ನೀರಿನಲ್ಲಿ ಕೈ ತೊಳೆದು, ಕುಲದೇವರು ಬೀರಪ್ಪನನ್ನು ನೆನೆದು ಹೊರಟವನು ಕಲ್ಲಿಟ್ಟು ಬರುವ ತನಕ ತುಟಿ ಬಿಚ್ಚುವಂತಿಲ್ಲ. ಆ ಕಲ್ಲಿಗೆ ಮಾತಿನ ಎಂಜಲು ತಾಗಬಾರದೆಂದು ಅವರ ಕಟ್ಟು. ಹಿಂದೆ ಬಂದವರಿಗೂ ಒಂದು ಕಟ್ಟು ಇತ್ತು. ಕಲ್ಲು ತೋರಿಸಿದ ದಾರಿ ಹಿಡಿದ ಮೇಲೆ ಅನುಮಾನಪಟ್ಟು ನಿಲ್ಲಬಾರದು, ತಿರುಗಬಾರದು. ನಿಂತು ಯೋಚಿಸಿದ ಹಿಂಡುಗಳು ನಿಂತಲ್ಲೇ ಮುಗಿದಿದ್ದವು.

ಒಂದು ವರ್ಷ, ಹೊರಡುವುದಕ್ಕೆ ತಿಂಗಳು ಮೊದಲೇ, ಜಕ್ಕವ್ವನೆಂಬ ಹಿರಿಯಳ ಹಿಂಡಿನ ಜೊತೆ ಮೋನಪ್ಪನೆಂಬ ಗಂಟೆ ಮಾರುವವನು ಸೇರಿಕೊಂಡ. ಕಂಚುಗಾರರ ಪೈಕಿ. ಮೌನೇಶ ದೇವರ ಹೆಸರಿಟ್ಟ ಮಗು ಹುಟ್ಟಿದ ಗಳಿಗೆಯಿಂದ ಬಾಯಿ ಮುಚ್ಚಿದ್ದಿಲ್ಲವೆಂದು ಅವನ ತಾಯಿಯೇ ಹೇಳುತ್ತಿದ್ದಳಂತೆ. ಟಗರುಗಳ ಕೊರಳಿಗೆ ಗಂಟೆ ಕಟ್ಟುವುದು, ಹಿಂಡಿನವರ ಕಂಬಳಿಯ ನೆರಳಲ್ಲಿ ಮಲಗುವುದು, ಅವರ ರೊಟ್ಟಿಗೆ ಬದಲಾಗಿ ಕತೆ ಹೊಡೆಯುವುದು, ಇದು ಅವನ ಬದುಕು. ಮೂರು ತಲೆಯ ಮೀನು ಕಂಡದ್ದು, ಸಂತೆಯಲ್ಲಿ ತನ್ನ ನೆರಳನ್ನೇ ಮಾರಿದ್ದು, ಹೀಗೆ. ನಾಯಿಯ ಬಾಲಕ್ಕೆ ಗಂಟೆ ಕಟ್ಟಿ ಬಿಟ್ಟು ಹಿಂಡನ್ನೆಲ್ಲ ಬೆದರಿಸಿ, ಬೈಸಿಕೊಂಡು, ಬೈದವರನ್ನೇ ನಗಿಸಿ ರೊಟ್ಟಿ ಗಿಟ್ಟಿಸುತ್ತಿದ್ದ. ಅವನಿದ್ದ ಕಡೆ ದಾರಿ ಸವೆದದ್ದು ತಿಳಿಯುತ್ತಿರಲಿಲ್ಲ ಎನ್ನುತ್ತಾರೆ.

ಜಕ್ಕವ್ವನ ಅಳಿಯ ಲಗಮಣ್ಣ. ಅವನ ಹಿಂಡು ಎರಡು ದಿನ ಹಿಂದೆ ಬರುತ್ತಿತ್ತು. ಎರಡು ಹರದಾರಿ, ಅಂದರೆ ಆರು ಮೈಲಿ ದೂರದ ನೀರನ್ನು ಮೂಗಿನಲ್ಲೇ ಹಿಡಿಯುತ್ತೇನೆ, ನನಗೆ ಕಲ್ಲಿನ ಹಂಗಿಲ್ಲ ಎಂಬುದು ಅವನ ಜಂಬ. ಮೋನಪ್ಪನಿಗೂ ಅವನಿಗೂ ಹಳೆಯ ಜುಗಲ್‌ಬಂದಿ. ಅದರ ಹಿಂದಿನ ವರ್ಷ ಗಂಟೆ ಮಾರಲು ಬಂದಾಗ ಲಗಮಣ್ಣನ ತೀರಿಹೋದ ಅಪ್ಪನ ಕಂಬಳಿಯನ್ನು ಹೊದ್ದು, ಅಪ್ಪನ ದನಿಯಲ್ಲಿ ಕೆಮ್ಮಿ, ಮೋನಪ್ಪ ಅವನ ಎದೆ ನಡುಗಿಸಿದ್ದ. ಈ ಸಲ ಮೂಗಿನ ಸರದಿ. ಜಕ್ಕವ್ವನ ಮಗ ಮೂಡಲಿಗೆ ಮೂತಿ ಮಾಡಿ ಕಲ್ಲಿಟ್ಟು ಬಂದ ಸಂಜೆ, ಗಂಟೆಯ ಚೀಲ ಮರೆತು ಬಂದೆನೆಂದು ನೆಪ ಹೇಳಿ ಮೋನಪ್ಪ ದಿಣ್ಣೆಗೆ ಹೋದ. ಕಲ್ಲು ಎಣಿಸಿದಷ್ಟು ಭಾರ ಇರಲಿಲ್ಲ. ಮೂತಿ ಪಡುವಲಿಗೆ ತಿರುಗಿತು. ಲಗಮಣ್ಣ ಒಂದು ಕೂಗಳತೆ ಹೋಗುತ್ತಾನೆ, ಮೂಗು ನಿಜವಾದರೆ ತಿರುಗುತ್ತಾನೆ, ಸುಳ್ಳಾದರೆ ಪೆಚ್ಚುಮೋರೆ ಹಾಕಿ ಬರುತ್ತಾನೆ. ಎರಡರಲ್ಲಿ ಯಾವುದಾದರೂ ಇಡೀ ಬೇಸಿಗೆಗೆ ಸಾಕಾಗುವಷ್ಟು ನಗೆ. ಬರುವಾಗ ಮೋನಪ್ಪ ಸಿಳ್ಳೆ ಹಾಕುತ್ತ ಬಂದನಂತೆ.

ಒರತೆಯ ಬಳಿ ಎರಡು ದಿನ ತಂಗಿ, ಮೂರನೆಯ ದಿನ ನಸುಕಿನಲ್ಲಿ ಅದನ್ನು ಮುಚ್ಚಿ ಹಿಂಡು ಮುಂದಕ್ಕೆ ಹೊರಟಿತು. ಗಂಡಸರು ಕುರಿಗಳನ್ನು ಹೊಡೆದುಕೊಂಡು ದೂರ ಹೋಗಿದ್ದರು. ಹೊರೆ ಹೊತ್ತ ಕತ್ತೆಗಳ ಹಿಂದೆ ಜಕ್ಕವ್ವ ನಡೆಯುತ್ತಲೇ ಕದಿರು ತಿರುವಿ ಉಣ್ಣೆ ನೂಲುತ್ತಿದ್ದಳು. ಮೋನಪ್ಪನಿಗೆ ಹೊಟ್ಟೆಯೊಳಗಿನ ನಗು ತಡೆಯಲಾಗಲಿಲ್ಲ. ಇಷ್ಟು ಹೊತ್ತಿಗೆ ನಿನ್ನ ಅಳಿಯ ಪಡುವಲಿಗೆ ಮೂಗು ಚಾಚಿ ಹೊರಟಿರುತ್ತಾನೆ ಆಯಿ, ಎಂದು ಶುರು ಮಾಡಿ ಎಲ್ಲವನ್ನೂ ಹೇಳಿಬಿಟ್ಟ. ಕದಿರು ನಿಂತಿತು. ನೂಲು ಹರಿಯಿತು. ಹರಿದದ್ದನ್ನು ಅವಳು ನೋಡಲಿಲ್ಲ.

“ಅರ್ಧ ದಾರಿಗೆ ತಿಳಿದು ತಿರುಗಿ ಬರ್ತಾನ ಬಿಡು, ಆಯಿ” ಎಂದ ಮೋನಪ್ಪ. ಅವನ ನಗು ಇನ್ನೂ ತುಟಿಯ ಮೇಲೆಯೇ ಇತ್ತು.

“ಬರೂದಿಲ್ಲ. ಕಲ್ಲು ತೋರಿಸಿದ ದಾರಿ ಹಿಡಿದ ಮ್ಯಾಲೆ ನಾವು ತಿರುಗೂದಿಲ್ಲ. ಯಾರೂ ನಿನಗ ಹೇಳಲಿಲ್ಲೇನು?”

ಯಾರೂ ಹೇಳಿರಲಿಲ್ಲ. ಒಂದು ತಿಂಗಳು ಅವರ ಒಲೆಯ ಮುಂದೆ ಕೂತು ಅವನು ಹೇಳಿದ್ದೇ ಹೇಳಿದ್ದು. ಅವರನ್ನು ಕೇಳಿ ತಿಳಿದದ್ದು ಏನೂ ಇರಲಿಲ್ಲ. ಎರಡು ದಿನ ನೀರಿಲ್ಲದೆ ಬಂದ ಹಿಂಡು ಮೂರನೆಯ ದಿನ ಪಡುವಲಿನ ಸುಣ್ಣದ ಬಯಲಿಗೆ ಇಳಿದರೆ ಹೊತ್ತು ಮುಳುಗುವುದರೊಳಗೆ ಉಳಿಯುವುದು ಕೊರಳ ಗಂಟೆಗಳು ಮಾತ್ರ ಎಂದು ಜಕ್ಕವ್ವ ಹೇಳಿದಳು. ಗಂಡಸರನ್ನು ಕೂಗಿ ಕರೆಯುವಷ್ಟು ಹೊತ್ತಿಲ್ಲ. ತನ್ನ ಹೆಗಲ ಮೇಲಿನ ಬಿಳಿ ಅಂಚಿನ ಕರಿಕಂಬಳಿಯನ್ನು ಅವನ ತಲೆಯ ಮೇಲೆ ಹಾಕಿದಳು. “ನನ್ನ ಮಗಳು ಅದಾಳೋ ಅಲ್ಲಿ. ಕೈಗೂಸು ಐತಿ. ಓಡು” ಎಂದಳು. ಬೈಯಲಿಲ್ಲ. ಬೈದಿದ್ದರೆ ಮೋನಪ್ಪನಿಗೆ ಹಗುರಾಗುತ್ತಿತ್ತು.

ದಾರಿಯಲ್ಲಿ ಒರತೆಯ ಚಪ್ಪಡಿ ಸರಿಸಿ ಸೋರೆಬುರುಡೆ ತುಂಬಿಕೊಂಡ. ದಿಣ್ಣೆ ಮುಟ್ಟಿ ಹೆಗಲ ಗಂಟೆಚೀಲ ಇಳಿಸಿದಾಗ ಲಗಮಣ್ಣನ ಹಿಂಡಿನ ಹೆಜ್ಜೆ, ಹಿಕ್ಕೆ ಎಲ್ಲ ಪಡುವಲಿಗೆ ಹೋಗಿದ್ದವು. ಒಂದು ಹೆಜ್ಜೆಯೂ ಮರಳಿ ಬಂದಿರಲಿಲ್ಲ. ಮೊದಲ ಸತ್ತ ಮರಿ ಅರ್ಧ ಹರದಾರಿಯಲ್ಲಿ ಸಿಕ್ಕಿತು. ಆಮೇಲೆ ಅವನು ಲೆಕ್ಕ ಇಡಲಿಲ್ಲ. ಹೊತ್ತು ನೆತ್ತಿಗೆ ಬರುವಾಗ ಹಿಂಡು ಕಾಣಿಸಿತು. ಮುಂದೆ ಲಗಮಣ್ಣ, ಹಿಂದೆ ಕತ್ತೆಯ ಮೇಲೆ ಜೋಲಿ ಹೊಡೆಯುತ್ತ ಕೂತ ಅವನ ಮುದಿತಾಯಿ, ಪಕ್ಕದಲ್ಲಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡ ಹೆಂಡತಿ ಹೊನ್ನವ್ವ. ಮೋನಪ್ಪ ನಡೆದದ್ದನ್ನು ನಡೆದ ಹಾಗೆ ಹೇಳಿದ. ಬದುಕಿನಲ್ಲಿ ಅವನು ಬಣ್ಣ ಹಚ್ಚದೆ ಹೇಳಿದ ಮೊದಲ ಕತೆ ಅದು. ಆ ಕಲ್ಲಿಗೆ ಪರರ ಕೈ ತಾಗಿದ್ದನ್ನು ಅವರು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮೂರು ತಲೆಯ ಮೀನನ್ನಾದರೂ ನಂಬಬಹುದಿತ್ತು. ಬುರುಡೆಯ ನೀರು ತೋರಿಸಿದ. ಬುರುಡೆ ನೀರು ಎಲ್ಲರ ಹತ್ತಿರವೂ ಇರುತ್ತದೆ ಎಂದರು. ಇದು ನಮ್ಮವ್ವನ ಕಂಬಳಿ ಎಂದು ಹೊನ್ನವ್ವ ಸಣ್ಣಗೆ ಹೇಳಿದಳು. ನಮ್ಮಪ್ಪನ ಕಂಬಳಿಯೂ ಒಮ್ಮೆ ಇವನ ಮೈಮೇಲಿತ್ತು ಎಂದ ಲಗಮಣ್ಣ. ಅವನ ಮೂಗು ಒಣಗಿ ಬಿರಿದಿತ್ತು.

“ಕಲ್ಲಿಗೆ ಬಾಯಿಲ್ಲ, ಅದಕ್ಕ ನಂಬ್ತೀವಿ. ನಿನಗ ಬಾಯಿ ಬಿಟ್ರ ಮತ್ತೇನೈತಿ?”

ಕತ್ತೆಯ ಮೇಲಿನ ಮುದುಕಿ ಮಾತ್ರ ತಲೆಯೆತ್ತಿದಳು. ಮೋನಪ್ಪನ ಕತೆಗಳಿಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅವಳೇ. “ಅಂವ ಅಳಾಕತ್ತಾನ ನೋಡ್ರೋ. ಅಂವ ಅತ್ತಿದ್ದು ಎಂದಾರ ಕಂಡೀರೇನು?” ಎಂದಳು. ದನಿ ಗಂಟಲು ದಾಟಲಿಲ್ಲ. ಹಿಂಡು ನಡೆಯಿತು.

ಬುರುಡೆಯನ್ನು ಮೋನಪ್ಪ ಹೊನ್ನವ್ವನ ಕೈಗೆ ಕೊಟ್ಟ. ಕೊಡುವಾಗ ಬೊಮ್ಮನೆಂಬ ಮುಂದಾಳು ಟಗರು, ಅವನೇ ಗಂಟೆ ಕಟ್ಟಿದ್ದ ಟಗರು, ಹತ್ತಿರ ಬಂದು ಬುರುಡೆ ಸೋರಿ ನೆಂದಿದ್ದ ಅವನ ಅಂಗಿಯ ತುದಿಗೆ ಮೂತಿಯಿಟ್ಟು ಎಳೆಯಿತು. ಬಿಡಿಸಿಕೊಂಡರೂ ಬಿಡಲಿಲ್ಲ. ಮೋನಪ್ಪ ಅದನ್ನು ನೋಡಿದ, ಹೆಗಲ ಮೇಲಿನ ಕಂಬಳಿಯನ್ನು ನೋಡಿದ. ಇನ್ನು ಯಾರಿಗೂ ಏನೂ ಹೇಳದೆ ಬಂದ ದಾರಿಯಲ್ಲೇ ಓಡಿದ.

ಒರತೆಯಲ್ಲಿ ಕಂಬಳಿಯನ್ನು ಅದ್ದಿ, ತುಳಿದು, ಮತ್ತೆ ಅದ್ದಿದ. ನೀರು ಕುಡಿದ ಕುರಿಗಂಬಳಿಯ ಭಾರ ಹೊತ್ತವರಿಗೇ ಗೊತ್ತು. ಬಿಸಿಲು ಹೀರದಂತೆ ಅದನ್ನು ಮಡಿಸಿ, ತನ್ನ ಅಂಗಿ ಬಿಚ್ಚಿ ಮೇಲೆ ಸುತ್ತಿ, ಬೆನ್ನಿಗೇರಿಸಿಕೊಂಡ. ಒಂದೂವರೆ ಹರದಾರಿ. ನೀರು ಬೆನ್ನ ಮೇಲೆ ಇಳಿಯುತ್ತಿತ್ತು, ನಾಲಿಗೆ ಅಂಗುಳಕ್ಕೆ ಅಂಟಿತ್ತು. ಒಂದು ತುದಿ ಹಿಂಡಿದ್ದರೆ ಒಂದು ಬೊಗಸೆ ಸಿಗುತ್ತಿತ್ತು. ಹಿಂಡಲಿಲ್ಲ ಎನ್ನುತ್ತಾರೆ. ನಾನಾಗಿದ್ದರೆ ಹಿಂಡುತ್ತಿದ್ದೆ.

ಹೊತ್ತು ಇಳಿಯುವ ಮೊದಲು ಹಿಂಡಿನ ಮುಂದೆ ನಿಂತು ಕಂಬಳಿಯನ್ನು ಬಿಚ್ಚಿ ಮರಳಿನ ಮೇಲೆ ಹಾಸಿದ. ಬೊಮ್ಮ ಮೊದಲು ತಲೆಯೆತ್ತಿತು. ಮೋನಪ್ಪ ಕಂಬಳಿಯನ್ನು ಎಳೆಯುತ್ತ ಮೂಡಲಿಗೆ ಹಿಂದೆ ಹಿಂದೆ ಹೆಜ್ಜೆಯಿಟ್ಟ. ಟಗರು ಬಂತು, ಟಗರಿನ ಹಿಂದೆ ಹತ್ತು, ಹತ್ತರ ಹಿಂದೆ ಇಡೀ ಹಿಂಡು. ಗಂಡಸರು ಕೋಲು ಅಡ್ಡ ಹಿಡಿದರು; ಕುರಿಗಳು ಕೋಲಿನ ಕೆಳಗೆ ನುಸುಳಿದವು. ಕಲ್ಲನ್ನು ನಂಬಿದವರಿಗೂ ಹಿಂಡು ಬಿಟ್ಟು ಬದುಕಿಲ್ಲ. ಅವರೂ ತಿರುಗಿದರು. ದಿಣ್ಣೆಯ ಹತ್ತಿರ ಬರುತ್ತಿದ್ದಂತೆ ಗಾಳಿಯಲ್ಲಿ, ಅವನು ಮುಚ್ಚದೆ ಬಿಟ್ಟಿದ್ದ ಒರತೆಯ ವಾಸನೆ ಕುರಿಗಳಿಗೆ ಸಿಕ್ಕಿತು. ಅವು ಕಂಬಳಿಯನ್ನೂ ಮೋನಪ್ಪನನ್ನೂ ತುಳಿದುಕೊಂಡು ಓಡಿದವು, ಹಿಂದೆಯೇ ಜನ ಓಡಿದರು. ಹೊತ್ತು ಮುಳುಗುವಾಗ ಎಲ್ಲರೂ ನೀರಿನಲ್ಲಿದ್ದರು. ಹಿಂಡಿನಲ್ಲಿ ಮೂರರಲ್ಲಿ ಒಂದು ಪಾಲು ದಾರಿಯಲ್ಲೇ ಉಳಿಯಿತು. ಕೂಸು ಬದುಕಿತು. ಕತ್ತೆಯಿಂದ ಇಳಿಸಿದಾಗ ಮುದುಕಿಗೆ ಜೀವವಿರಲಿಲ್ಲ. ಯಾವ ಜಾಗದಲ್ಲಿ ಹೋಯಿತೆಂದು ಯಾರಿಗೂ ತಿಳಿಯಲಿಲ್ಲ.

ಮರುದಿನ ಬೆಳಗ್ಗೆ ಮಣ್ಣು ಮಾಡಿದ ಮೇಲೆ ಹೊನ್ನವ್ವ ಬುರುಡೆ ತುಂಬಿಕೊಂಡು ದಿಣ್ಣೆಗೆ ಹೋದಳು. ಕುರಿಗಳ ಕಾಲಡಿ ಅಲ್ಲೇ ಉಳಿದವನಿಗೆ ನೀರು ಕೊಡಲು ಹೊರಟಳೋ, ಮುಖಕ್ಕೆ ಉಗಿಯಲು ಹೊರಟಳೋ, ಅವಳಿಗೂ ಗೊತ್ತಿರಲಿಲ್ಲವಂತೆ. ಅಲ್ಲಿ ಮೋನಪ್ಪ ಇರಲಿಲ್ಲ. ಕಲ್ಲಿನ ಮೂತಿ ಮೂಡಲಿಗೆ ತಿರುಗಿತ್ತು. ಅದರ ಮೇಲೆ ಅವ್ವನ ಕಂಬಳಿ ಹಾಸಿತ್ತು, ಒಣಗಿ ತೊಗಲಿನಂತಾಗಿತ್ತು. ಪಕ್ಕದಲ್ಲಿ ಅವನ ಚೀಲದ ಗಂಟೆಗಳೆಲ್ಲ ಬೋರಲಾಗಿ ಕೂತಿದ್ದವು. ಒಂದೊಂದರ ನಾಲಿಗೆಯನ್ನೂ ಕಿತ್ತು ಸಾಲಾಗಿ ಇಟ್ಟಿದ್ದ. ಅವನು ಸುಣ್ಣದ ಬಯಲಿಗಿಳಿದು ಸತ್ತ ಮರಿಗಳನ್ನು ಒಂದೊಂದಾಗಿ ಹೂಳುತ್ತ ಹೋದನೆಂದು ಕೆಲವರು ಹೇಳುತ್ತಾರೆ. ಬಹಳ ವರ್ಷದ ಮೇಲೆ ಹೊಳೆಯಾಚೆಯ ಸಂತೆಯೊಂದರಲ್ಲಿ, ದರ ಕೇಳಿದರೆ ಬೆರಳು ತೋರಿಸುವ ಗಂಟೆಗಾರನೊಬ್ಬ ಇದ್ದನೆಂದು ಇನ್ನು ಕೆಲವರು. ಹೊನ್ನವ್ವ ಕಂಬಳಿಯನ್ನು ಎತ್ತಿಕೊಂಡು ಒರತೆಗೆ ಹೋಗಿ ನೆನೆಸಿ ತಂದು, ಆ ಕಲ್ಲಿನ ಮೇಲೆ ಹಿಂಡಿದಳು. ಅಂದಿನಿಂದ ಅದು ಒದ್ದೆಗಂಬಳಿ ದಿಣ್ಣೆ.

ಈಗ ಹಲವು ಹಿಂಡುಗಳು ಲಾರಿಯಲ್ಲಿ ಹೋಗುತ್ತವೆ. ನಡೆದು ಹೋಗುವವರು ಮಾತ್ರ ಇವತ್ತಿಗೂ ಒರತೆಯಿಂದ ಒಂದು ಕಂಬಳಿ ನೆನೆಸಿ ತಂದು ಕಲ್ಲಿನ ಮೇಲೆ ಹಿಂಡಿ, ಬಾಯಿ ಬಿಚ್ಚದೆ ಇಳಿದು ಹೋಗುತ್ತಾರೆ. ಬೇಸಿಗೆಯಲ್ಲಿ ಹೋದರೆ ಇಡೀ ಉರಿಬಯಲಿನಲ್ಲಿ ಅಂಗೈ ಅಗಲದ ಒಂದು ತೇವದ ಕಲೆ ನಿಮಗೆ ಕಂಡೀತು. ಟೆಂಪೋ ಕೆಟ್ಟು ನಿಂತಾಗ ನಾನೂ ಹತ್ತಿ ನೋಡಿದೆ. ಸುತ್ತ ಯಾರೂ ಇರಲಿಲ್ಲ. ಕಲ್ಲು ಅಷ್ಟೇನೂ ಭಾರವಿದ್ದಂತೆ ಕಾಣಲಿಲ್ಲ. ಕೈ ಮುಂದಕ್ಕೆ ಹೋಯಿತು, ಇದು ಮಾತ್ರ ಸುಳ್ಳಲ್ಲ. ತೇವ ಬೆರಳಿಗೆ ತಗುಲಿದ್ದೇ ತಡ ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡು ಇಳಿದುಬಂದೆ. ಅವತ್ತು ಜೇಬು ಸೇರಿದ ಕೈ ಸುಲಭಕ್ಕೆ ಹೊರಗೆ ಬರುವುದಿಲ್ಲ, ನೋಡಿ. ಈ ಚಹಾದ ದುಡ್ಡು ನೀವೇ ಕೊಟ್ಟುಬಿಡಿ.