ಜವರನ ಕಾರಿನ ಎಡಗಡೆ ಬಾಗಿಲು

ಚೆಲುವಮ್ಮನಿಗೆ ಇದ್ದದ್ದು ಇಬ್ಬರು ಮಕ್ಕಳು, ಒಂದು ಹಳೇ ಬಿಳಿ ಕಾರು. ಮಕ್ಕಳಲ್ಲಿ ದೊಡ್ಡವನು ಜವರ, ಪೆದ್ದ. ಕಾರಿನ ನಾಕು ಬಾಗಿಲಲ್ಲಿ ಹಿಂದಿನ ಎಡಗಡೇದು ಅವನಿಗಿಂತ ಪೆದ್ದು. ಹಾಕು ಅಂದ್ರೆ ಹಾಕಿಕೊಳ್ಳೋದು, ತಿರುವು ಬಂತು ಅಂದ್ರೆ ತಾನೇ ತೆರೆದುಕೊಳ್ಳೋದು. ಹಿಂದಿನ ಬಲಗಡೇದು ಯಾವತ್ತೋ ಎತ್ತಿನ ಗಾಡಿಗೆ ಗುದ್ದಿ ಒಳಕ್ಕೆ ನೆಗ್ಗಿಹೋಗಿತ್ತು. ಅದನ್ನ ತೆಗೆಯೋಕೆ ಯಾರೂ ಹೋಗ್ತಿರಲಿಲ್ಲ.

ಪೆದ್ದನ ಕೈಗೆ ಯಾರಾದ್ರೂ ಕಾರು ಕೊಡ್ತಾರಾ ಅಂತ ನೀವು ಕೇಳ್ತೀರಿ. ಕೊಟ್ಟಿದ್ರು, ಏನ್ಮಾಡ್ತೀರಿ! ಓಡಿಸೋದ್ರಲ್ಲಿ ಜವರ ಗಟ್ಟಿಗ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದ್ರೆ ಕಾರು ಎಡಕ್ಕೆ ಹೋಗುತ್ತೆ, ಅದ್ರಲ್ಲಿ ತಪ್ಪು ತಿಳಿಯೋಕೆ ಏನಿದೆ? ಅವನಿಗೆ ಕಷ್ಟ ಬರ್ತಿದ್ದದ್ದೆಲ್ಲ ಮನುಷ್ಯರ ಮಾತಿಂದ. ಹೇಳಿದ್ದನ್ನ ಹೇಳಿದಂಗೇ ಮಾಡಿಬಿಡ್ತಿದ್ದ. ಚೆಲುವಮ್ಮ ಹಣೆ ಚಚ್ಚಿಕೊಂಡು ಚಚ್ಚಿಕೊಂಡು, ಕುಂಕುಮ ಇಡೋ ಜಾಗವನ್ನೇ ಗಟ್ಟಿ ಮಾಡಿಕೊಂಡಿದ್ದಳು.

ಮಗಳು ಪುಟ್ಟತಾಯಿಯನ್ನ ಹುಲ್ಲೇಗಾಲಕ್ಕೆ ಕೊಟ್ಟಿತ್ತು. ಈಗ ಅವಳು ಚೊಚ್ಚಲ ಬಸುರಿ, ಏಳು ತಿಂಗಳು. ಚೊಚ್ಚಲ ಬಾಣಂತನ ತವರುಮನೇಲೇ ಆಗ್ಬೇಕು. ಚೆಲುವಮ್ಮ ಕೋಣೆಗೆ ಸುಣ್ಣ ಬಳಿಸಿದ್ದಳು, ತುಪ್ಪ ಕಾಯಿಸಿ ಇಟ್ಟಿದ್ದಳು, ತನ್ನ ಹಳೇ ಸೀರೆ ಒಗೆದು ಮಗುವಿಗೆ ಅಂತ ಮೆತ್ತಗಿನ ಬಟ್ಟೆ ಹರಿದಿಟ್ಟಿದ್ದಳು. ಆದ್ರೆ ಬೀಗಿತ್ತಿ ನಂಜಮ್ಮಣ್ಣಿ ಕಳಿಸಲ್ಲ ಅಂತ ಕೂತುಬಿಟ್ಟಿದ್ದರು. ಗೌರಿ ಹಬ್ಬದಲ್ಲಿ ಅವರು ಇದೇ ಕಾರಲ್ಲಿ ಬರೋವಾಗ, ನಾಲೆ ತಿರುವಲ್ಲಿ ಬಾಗಿಲು ತೆರೆದುಕೊಂಡು, ಅವರ ಎಲೆಅಡಿಕೆ ಚೀಲ ನೀರಿಗೆ ಹಾರಿಹೋಗಿತ್ತು.

"ಚೀಲ ಹೋದಂಗೆ ನನ್ ಸೊಸೇನೂ ಹೋದ್ರೆ? ಬಾಗ್ಲು ಭದ್ರ ಆಗ್ಲಿ, ಕಳಿಸ್ತೀನಿ. ಇಲ್ಲಾಂದ್ರೆ ಬಾಣಂತನ ನಮ್ಮನೇಲೇ!"

"ಬಸ್ಸಲ್ಲಿ ಕರ್ಕೊಂಡು ಹೋಗ್ಲಾ ಅಕ್ಕಾ?" ಅಂತ ಕೇಳಿದ್ದಳು ಚೆಲುವಮ್ಮ.

"ಬಸ್ಸಾ! ತುಂಬಿದ ಬಸುರೀನ ಬಸ್ಸಲ್ಲಿ ಕಳಿಸಿ ಊರವ್ರ ಕೈಲಿ ಉಗಿಸ್ಕೊಳ್ಲಾ? ಮಾತೇ ಆಡ್ಬೇಡ!"

ಎಂಟನೇ ತಿಂಗಳಲ್ಲಿ ಬಸುರಿಯನ್ನ ಹೊಸ್ತಿಲು ದಾಟಿಸೋ ಪದ್ಧತಿ ಆ ಕಡೆ ಇಲ್ಲ. ಏಳು ತುಂಬೋಕೆ ಉಳಿದಿದ್ದು ಹತ್ತೇ ದಿನ. ಹತ್ತು ದಿನದಲ್ಲಿ ಬಾಗಿಲು ಸರಿಯಾಗ್ಬೇಕು, ಇಲ್ಲಾ ಮಗಳು ಮನೆಗೆ ಬರಲ್ಲ. ಚೆಲುವಮ್ಮನಿಗೆ ಅನ್ನ ಸೇರ್ತಿರಲಿಲ್ಲ.

"ಹೋಗ್ಲಾ ಜವ್ರ, ಮೆಕಾನಿಕ್ ಬಾಬಾಜಾನ್‌ಗೆ ತೋರ್ಸು. ಅವ್ರು ಹೇಳಿದಂಗೆ ಕೇಳು."

ಬಾಬಾಜಾನ್ ಬಾಗಿಲು ನೋಡಿದ. "ಲಾಕಿನ ಒಳಗಿನ ಸ್ಪ್ರಿಂಗ್ ಹೋಗಿದೆ. ಮೈಸೂರಿಂದ ತರಿಸ್ಬೇಕು, ನಾಕು ದಿನ ಆಗುತ್ತೆ. ಅಲ್ಲೀಗಂಟ ಬಾಗ್ಲು ಹಾಕೋವಾಗ ಸ್ವಲ್ಪ ಮೇಲಕ್ಕೆತ್ತಿ ದಢಾರ್ ಅಂತ ಹಾಕು. ಅರ್ಧ ಊರಿಗೆ ಕೇಳ್ಬೇಕು, ಹಂಗೆ!"

"ಹೂಂ ಕಣಣ್ಣ, ಹಂಗೇ ಮಾಡ್ತೀನಿ."

ಸಂಜೆ ಚೆಲುವಮ್ಮ ಪಕ್ಕದ ಮನೆ ಸಿದ್ದಮ್ಮನಿಗೆ ಮೊರ ಕೊಟ್ಟು ಬಾ ಅಂತ ಅವನನ್ನ ಕಳಿಸಿದಳು. ಆ ಮನೇಲಿ ಮೊಮ್ಮಗು ಬೆಳಗ್ಗೆಯಿಂದ ರಚ್ಚೆ ಹಿಡಿದು ಆಗ ತಾನೇ ಕಣ್ಣು ಮುಚ್ಚಿತ್ತು. ಸಿದ್ದಮ್ಮ ತುಟಿ ಮೇಲೆ ಬೆರಳಿಟ್ಟು, "ಬಾಗ್ಲು ಹಾಕ್ಕೊಂಡು ಹೋಗಪ್ಪ" ಅಂತ ಸನ್ನೆ ಮಾಡಿದಳು. ಜವರ ಬಾಗಿಲು ಹಿಡಿದ, ಮೇಲಕ್ಕೆತ್ತಿದ, ದಢಾರ್! ಎರಡು ಹಂಚು ಕೆಳಗೆ ಬಿದ್ದವು. ಮಗು ಕಿಟಾರನೆ ಕಿರುಚಿತು. ಅದರ ಜೊತೆ ಕೊಟ್ಟಿಗೇಲಿ ಕರುವೂ ಕೂಗಿತು. ಜವರ ಬೀದಿ ನಡುವೆ ನಿಂತು, "ಅರ್ಧ ಊರಿಗೆ ಕೇಳುಸ್ತಾ?" ಅಂತ ಹೋಗೋರು ಬರೋರನ್ನ ವಿಚಾರಿಸ್ತಾ ಇದ್ದ.

"ಅಯ್ಯೋ ನನ್ ಕರ್ಮವೇ!" ಅಂದಳು ಚೆಲುವಮ್ಮ. "ಬಾಗ್ಲು ಹಾಕೋ ರೀತಿಯೇನ್ಲಾ ಅದು? ಮೆತ್ತಗೆ ಹಾಕ್ಬೇಕು. ಮಗೂನ ತೊಟ್ಲಲ್ಲಿ ಮಲಗಿಸ್ತಾರಲ್ಲ, ಹಂಗೆ. ಒಂಚೂರೂ ಸದ್ದು ಬರ್ಬಾರ್ದು!"

"ಹೂಂ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಮಾರನೇ ದಿನ ಅಂಗಡಿ ಶೆಟ್ಟರು ಕಾರು ಕೇಳಿದರು. ಪೇಟೆಯಿಂದ ನಾಕು ಮೂಟೆ ಕಡ್ಲೆಪುರಿ ತರೋದಿತ್ತು. ಮೂಟೆಗಳನ್ನ ಹಿಂದಿನ ಸೀಟಿಗೆ ತುಂಬಿ ಶೆಟ್ಟರು ಮುಂದೆ ಕೂತರು. ಜವರ ಎಡಗಡೆ ಬಾಗಿಲನ್ನ ಎರಡು ಕೈಲಿ ಹಿಡಿದು, ಉಸಿರು ಬಿಗಿ ಹಿಡಿದು, ಮೆತ್ತಗೆ, ಮೆತ್ತಗೆ ಒರಗಿಸಿದ. ಬಾಗಿಲಿನ ಮೇಲೆ ಎರಡು ಸಲ ತಟ್ಟಿ, "ಜೋ" ಅಂತಾನೂ ಅಂದ.

"ಏನಯ್ಯಾ ಅದು?" ಅಂದರು ಶೆಟ್ಟರು.

"ಮಲಗ್ಲಿ ಅಂತ."

ನಾಲೆ ತಿರುವು ಬಂತು. ಬಾಗಿಲು ಎದ್ದಿತು. ಮೂಟೆ ಒಂದರ ಹಿಂದೆ ಒಂದು ಕೆಳಕ್ಕೆ ಬಿದ್ದು ಬಾಯಿ ಬಿಟ್ಟವು. ಶೆಟ್ಟರು ತಿರುಗಿ ನೋಡೋ ಹೊತ್ತಿಗೆ ಅರ್ಧ ಮೈಲಿ ರಸ್ತೆ ಬೆಳ್ಳಗಾಗಿತ್ತು. ಮೇಯೋಕೆ ಬಿಟ್ಟಿದ್ದ ಹಸುಗಳು ರಸ್ತೆಗೇ ಬಂದು ಸಾಲಾಗಿ ನಿಂತವು. ಕಾಗೆಗಳನ್ನಂತೂ ಕೇಳಲೇಬೇಡಿ. ಜವರ ಮಾತ್ರ, "ಸದ್ದೇ ಬರ್ಲಿಲ್ಲ ಅಲ್ವಾ ಶೆಟ್ರೇ?" ಅಂತ ಹೆಮ್ಮೆಯಿಂದ ಕೇಳಿದ. ಶೆಟ್ಟರು ಉಳಿದ ದಾರಿ ನಡಕೊಂಡೇ ಬಂದು ಚೆಲುವಮ್ಮನ ಜಗಲಿ ಮುಂದೆ ನಿಂತು ಮನಸಾರೆ ಬೈದು ಹೋದರು.

"ಅಯ್ಯೋ ನನ್ ಕರ್ಮವೇ! ಲಾಕು ಹೋದ ಬಾಗ್ಲನ್ನ ಮೆತ್ತಗೆ ಹಾಕಿದ್ರೆ ನಿಲ್ಲುತ್ತೇನ್ಲಾ? ಹಗ್ಗ ತಗೋಬೇಕು, ಬಿಗಿಯಾಗಿ ಕಟ್ಬೇಕು. ಎಲ್ಲಿ ಹಗ್ಗ ಸಿಕ್ಕಿದ್ರೆ ಅಲ್ಲಿಂದ ತಗೊಂಡು ಕಟ್ಟು!"

"ಹೂಂ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ನಾಕು ದಿನ ಕಳೀತು. ಮೈಸೂರಿಂದ ಸ್ಪ್ರಿಂಗ್ ಬಂತು. ಬಾಬಾಜಾನ್ ಹಾಕಿ, ಎಣ್ಣೆ ಬಿಟ್ಟು, ಬಾಗಿಲಿಗೆ ಕಾಲಲ್ಲಿ ಒದ್ದು ತೋರಿಸಿದ. ಅಲ್ಲಾಡಲಿಲ್ಲ! "ಒಳಗಿನ ಹಿಡಿ ಮಾತ್ರ ಕೆಲ್ಸ ಮಾಡಲ್ಲ ಜವ್ರ. ಹೊರಗಿಂದ ನೀನೇ ತೆಗೀಬೇಕು. ಇನ್ನು ಯಾವ ತಿರುವಿಗೂ ಹೆದ್ರಬೇಡ" ಅಂದ. ಚೆಲುವಮ್ಮ ಸುದ್ದಿ ಕೇಳಿ ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಅದೇ ದಿನ ತಮ್ಮಣ್ಣಗೌಡರು ಸಂತೇಲಿ ಒಂದು ಟಗರು ಕೊಂಡು, ಜವರನ ಕಾರಿಗೆ ಹತ್ತಿಸಿ, ಮನೆಗೆ ಬಿಡು ಅಂದರು. ಜವರ ಬಾಗಿಲು ಹಾಕಿದ. ಗಟ್ಟಿಯಾಗೇ ಬಿತ್ತು. ಬಿದ್ದರೇನು, ಅವ್ವ ಹಗ್ಗ ಕಟ್ಟು ಅಂದಿದ್ದಳಲ್ಲ! ಎಲ್ಲಿ ಹಗ್ಗ? ಹುಡುಕಿದ. ಇಡೀ ಸಂತೇಲಿ ಅವನ ಕಣ್ಣಿಗೆ ಬಿದ್ದದ್ದು ಒಂದೇ ಹಗ್ಗ, ಟಗರಿನ ಕುತ್ತಿಗೇಲಿದ್ದದ್ದು. ಅದನ್ನೇ ಬಿಚ್ಚಿಕೊಂಡು ಬಾಗಿಲನ್ನ ಮೂರು ಸುತ್ತು ಕಟ್ಟಿದ. ಕಟ್ಟು ಬಿಚ್ಚಿದ ಟಗರು ಸುಮ್ನಿರುತ್ತಾ? ಸೀಟಿನ ಮೇಲೆ ಹತ್ತಿತು, ಗಾಜಿಗೆ ಗುದ್ದಿತು, ಬ್ಯಾ ಬ್ಯಾ ಅಂತ ಅರಚಿತು. ಜವರ "ಪಾಪ, ಕರೀತಾ ಅದೆ" ಅಂತ ಕಾರು ನಿಲ್ಲಿಸಿ, ಹಗ್ಗ ಬಿಚ್ಚಿ, ಬಾಗಿಲು ತೆಗೆದು, "ಏನ್ ಬೇಕಪ್ಪ?" ಅಂದ. ಟಗರು ಅವನ ಎದೆಗೊಂದು ಗುದ್ದಿ ಕಬ್ಬಿನ ಗದ್ದೆಗೆ ಬಿತ್ತು. ಮನೆಗೆ ಬಂದಾಗ ಕೈಲಿದ್ದದ್ದು ಹಗ್ಗ ಒಂದೇ. ಗೌಡರು ಆಳುಗಳನ್ನ ಕಟ್ಟಿಕೊಂಡು ಎರಡು ದಿನ ಗದ್ದೆಗದ್ದೆ ಜಾಲಾಡಿದ ಮೇಲೆ ಟಗರು ಸಿಕ್ತು.

"ಅಯ್ಯೋ ನನ್ ಕರ್ಮವೇ! ಅರಚಿದ್ರೆ ಬಾಗ್ಲು ತೆಗೀತಾರೇನ್ಲಾ? ಒಂದ್ಸಲ ಬಾಗ್ಲು ಹಾಕಿದ್ಮೇಲೆ, ಒಳಗಿರೋದು ಅರಚ್ಲಿ, ಒದೀಲಿ, ಗುದ್ಲಿ, ಮನೆ ಸೇರೋಗಂಟ ತೆಗೀಬಾರ್ದು!"

"ಹೂಂ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಎಂಟನೇ ದಿನ ಬೆಳಗ್ಗೆ ಚೆಲುವಮ್ಮ ಅವನಿಗೆ ಹೊಸ ಅಂಗಿ ತೊಡಿಸಿ ಹುಲ್ಲೇಗಾಲಕ್ಕೆ ಕಳಿಸಿದಳು. "ಅತ್ತೆಗೆ ಬಾಗ್ಲು ತೋರ್ಸು. ಒಪ್ಪಿದ್ರೆ ತಂಗೀನ ಕರ್ಕೊಂಡು ಬಾ" ಅಂದಳು. ಆರತಿ ತಟ್ಟೆ ತೊಳೆದಳು. ಬೀದಿ ಹೆಂಗಸರನ್ನೆಲ್ಲ ಕರೆದಳು.

ಹುಲ್ಲೇಗಾಲದಲ್ಲಿ ನಂಜಮ್ಮಣ್ಣಿ ಕಾರಿನ ಸುತ್ತ ಒಂದು ಸುತ್ತು ಬಂದರು. ಬಾಗಿಲು ಎಳೆದರು, ಜಗ್ಗಿದರು. "ಹೊರಗೆ ನಿಂತು ನೋಡಿದ್ರೆ ಏನ್ ಗೊತ್ತಾಗುತ್ತೆ? ನಾನೇ ಒಳಗೆ ಕೂತು ನೋಡ್ತೀನಿ. ಹಾಕ್ಲಾ ಬಾಗ್ಲು!"

ಜವರ ಹಾಕಿದ. ನಂಜಮ್ಮಣ್ಣಿ ಒಳಗಿಂದ ಭುಜ ಕೊಟ್ಟು ನೂಕಿದರು. ಅಲ್ಲಾಡಲಿಲ್ಲ. "ಪರ್ವಾಗಿಲ್ಲ ಕಣ್ಲಾ. ಹೂಂ, ತೆಗಿ" ಅಂದರು.

ಜವರ ಮುಂದೆ ಹೋಗಿ ಕೂತು ಕಾರು ಎತ್ತಿದ.

"ಲೋ! ತೆಗೀಲಾ! ನಾನ್ ಇಳೀಬೇಕು ಕಣ್ಲೋ!"

"ಮನೆ ಸೇರೋಗಂಟ ತೆಗೀಬಾರ್ದಂತೆ ಅತ್ತೆ. ಅವ್ವ ಹೇಳವ್ಳೆ."

ಪುಟ್ಟತಾಯಿ ಬಟ್ಟೆ ಗಂಟು ಹಿಡಕೊಂಡು ಹೊಸ್ತಿಲಲ್ಲೇ ನಿಂತಿದ್ದಳು. ಕಾರು ಧೂಳೆಬ್ಬಿಸಿಕೊಂಡು ಹೋಯ್ತು. ನಂಜಮ್ಮಣ್ಣಿ ಕೂಗಿದರು, ಬಾಗಿಲಿಗೆ ಒದ್ದರು, ಅವನ ಬೆನ್ನಿಗೆ ಗುದ್ದಿದರು, ಜುಟ್ಟು ಹಿಡಿದು ಎಳೆದರು. ಅವ್ವ ಹೇಳಿದ್ದು ಅಕ್ಷರಕ್ಕಕ್ಷರ ನಿಜವಾಗ್ತಿದೆಯಲ್ಲ ಅಂತ ಜವರನಿಗೆ ಆಶ್ಚರ್ಯ. ಊರೂರಲ್ಲೂ ಅವರು ಕಿಟಕಿಗೆ ತಲೆ ಹಾಕಿ ಕೈ ಬೀಸಿ, "ನಿಲ್ಸ್ರೋ!" ಅಂತ ಕೂಗಿದರು. ಬೀಗರ ಮನೆಗೆ ಹೊರಟವ್ರೆ ಅಂತ ಜನವೂ ಖುಷಿಯಾಗಿ ಕೈ ಬೀಸಿದರು.

ಇತ್ತ ಕಾರಿನ ಸದ್ದು ಕೇಳಿದ್ದೇ ಚೆಲುವಮ್ಮನ ಕಣ್ಣು ತುಂಬಿಬಂತು. ಆ ಕಣ್ಣಲ್ಲಿ ಏನೂ ಸರಿಯಾಗಿ ಕಾಣ್ತಿರಲಿಲ್ಲ. ಹೆಂಗಸರು ಸೋಬಾನೆ ಶುರು ಮಾಡಿದರು. ಜವರ ಬಾಗಿಲು ತೆಗೆದ. ಚೆಲುವಮ್ಮ ಆರತಿ ಎತ್ತಿ ಮೂರು ಸುತ್ತು ಬೆಳಗಿ, "ಬಾ ನನ್ ತಾಯಿ, ಎಷ್ಟ್ ಸೊರಗಿದ್ದೀಯೇ" ಅಂತ ಕೈ ಹಿಡಿದಳು.

"ನಂಗ್ಯಾಕೇ ಆರತಿ? ನಾನೇನು ಬಸ್ರೀನಾ?"

ತಟ್ಟೆ ಕೈಯಿಂದ ಬಿತ್ತು. ತಲೆ ಕೆದರಿಕೊಂಡು, ಒಂದು ಕಾಲಿಗೆ ಚಪ್ಪಲಿ ಇಲ್ಲದೆ ಬೀಗಿತ್ತಿ ನಿಂತಿದ್ದರು! ಮುಗೀತು, ಇನ್ನು ಮಗಳು ಬಂದಂಗೇ, ಅಂದುಕೊಂಡಳು ಚೆಲುವಮ್ಮ. ಮಜ್ಜಿಗೆ ತಂದುಕೊಟ್ಟು ಕಾಲಿಗೆ ಬೀಳೋಕೆ ಹೋದಳು.

ನಂಜಮ್ಮಣ್ಣಿ ಎರಡು ಚೊಂಬು ಮಜ್ಜಿಗೆ ಕುಡಿದರು. ಬಾಯಿ ಒರೆಸಿಕೊಂಡರು. ಬಾಗಿಲ ಕಡೆ ನೋಡಿದರು. "ಹದಿನೆಂಟು ಮೈಲಿ ಒದ್ದಿದ್ದೀನಿ ಚೆಲ್ವಮ್ಮಾ. ಕಾಲು ನೋಯ್ತಾ ಅದೆ. ಬಾಗ್ಲು ಮಾತ್ರ ಒಂದ್ ಕೂದ್ಲೆಳೆ ಅಲ್ಲಾಡ್ಲಿಲ್ಲ. ನನ್ನನ್ನ ಬಿಟ್ಟು ಬರೋವಾಗ ಪುಟ್ಟತಾಯೀನ ಕರ್ಕೊಂಡು ಬರ್ಲಿ."

ಚೆಲುವಮ್ಮ ಅಲ್ಲೇ ಕೂತು ಅತ್ತಳು. ಆಮೇಲೆ ಎದ್ದು ಮಗನ ಕಿವಿ ಹಿಡಿದಳು. "ಅಯ್ಯೋ ನನ್ ಕರ್ಮವೇ! ಮನುಷ್ಯರನ್ನ ಟಗರಿನಂಗೆ ಕೂಡಿ ಹಾಕ್ತಾರೇನ್ಲಾ? ದಾರೀಲಿ ಊರು ಸಿಕ್ಕಿದ ಕಡೆಯೆಲ್ಲ ನಿಲ್ಸು. ಬಾಗ್ಲು ಪೂರ್ತಿ ತೆಗಿ. 'ಇಳೀತೀರಾ' ಅಂತ ಕೇಳು. ತಿಳೀತಾ?"

"ಹೂಂ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ನಂಜಮ್ಮಣ್ಣಿಯನ್ನ ನೆಟ್ಟಗೆ ಮನೆ ಮುಟ್ಟಿಸಿದ, ಅದೊಂದು ಸರಿಯಾಯ್ತು. ಮಧ್ಯಾಹ್ನ ಕಳೆದ ಮೇಲೆ ಕಾರು ವಾಪಸ್ ಬಂತು. ಮತ್ತೆ ಆರತಿ, ಮತ್ತೆ ಸೋಬಾನೆ. ಈ ಸಲ ಚೆಲುವಮ್ಮ ಕಣ್ಣು ಒರೆಸಿಕೊಂಡೇ ನಿಂತಿದ್ದಳು. ಜವರ ಬಾಗಿಲು ತೆಗೆದ. ಕೋಳಿ ಹಿಡಿದ ಒಬ್ಬ ಅಜ್ಜಿ ಇಳಿದಳು. ಅವಳ ಹಿಂದೆ ಕುಂಬಳಕಾಯಿ ಹೊತ್ತ ಗಂಡಸು. ಅವನ ಹಿಂದೆ ಗಂಡ ಹೆಂಡತಿ, ಒಂದು ಚಾಪೆ ಸುರುಳಿ. ಇಳಿದ ಅಜ್ಜಿ ಆರತಿ ನೋಡಿ, "ಈ ಗಾಡೀಲಿ ಹಿಂಗೂ ಮಾಡ್ತಾರಾ? ಒಳ್ಳೇ ಜನ" ಅಂದಳು.

"ಯಾರ್ಲಾ ಇವ್ರೆಲ್ಲ?"

"ಊರೂರಲ್ಲೂ ಬಾಗ್ಲು ಪೂರ್ತಿ ತೆಗ್ದೆ. ಹತ್ಕೊಂಡ್ರು."

ಹತ್ತದೆ ಇನ್ನೇನು? ನಮ್ಮ ಕಡೆ ಊರಬಾಗಿಲಲ್ಲಿ ಒಂದು ಗಾಡಿ ನಿಂತು ಬಾಗಿಲು ತೆರೆದ್ರೆ ಎಲ್ಲಿಗೆ ಅಂತಾನೂ ಕೇಳದೆ ಹತ್ತಿಕೊಳ್ಳೋರು ನಾವು.

ಚೆಲುವಮ್ಮ ಬಗ್ಗಿ ಕಾರಿನೊಳಗೆ ನೋಡಿದಳು. ಸೀಟು ಖಾಲಿ. "ಪುಟ್ಟತಾಯಿ ಎಲ್ಲೋ?"

"ಕುರುಬರಹುಂಡೀಲಿ 'ಇಳೀತೀಯಾ' ಅಂತ ಕೇಳ್ದೆ. 'ಹೂಂ ಕಣಣ್ಣ, ಹೊಟ್ಟೆ ಒತ್ತುತ್ತೆ, ಒಂದ್ ಗಳಿಗೆ' ಅಂದ್ಲು. ಗಂಟು ಹಿಡ್ಕೊಂಡೇ ಇಳಿದ್ಲು."

"ಮತ್ತೆ ಹತ್ತಿಸ್ಕೊಳ್ಲಿಲ್ವೇನೋ ಪಾಪಿ!"

"ಇಳೀತೀರಾ ಅಂತ ಕೇಳು ಅಂದೆ. ಹತ್ತೀರಾ ಅಂತ ಕೇಳು ಅನ್ಲಿಲ್ವಲ್ಲವ್ವ!"

ಬಿಸಿಲಲ್ಲಿ, ಗೊತ್ತಿಲ್ಲದ ಊರಲ್ಲಿ, ಏಳು ತಿಂಗಳ ಮಗಳು ಒಬ್ಬಳೇ! ಇನ್ನು ಆ ಕಾರಿನ ಸಹವಾಸವೇ ಬೇಡ ಅಂತ ಚೆಲುವಮ್ಮ ಸೆರಗು ಸಿಕ್ಕಿಸಿಕೊಂಡು ನಡಕೊಂಡೇ ಹೊರಟಳು. ಅರಳಿಕಟ್ಟೆ ದಾಟಿರಲಿಲ್ಲ, ಎದುರಿಂದ ಹಾರ್ನ್ ಕೇಳಿಸಿತು. ಮೂರು ಗಂಟೆ ಬಸ್ಸು ಗಡಗಡ ಅಂತ ಬಂದು ನಿಂತಿತು. ಕಂಡಕ್ಟರು ಮೊದಲು ಬಟ್ಟೆ ಗಂಟು ಇಳಿಸಿದ, ಆಮೇಲೆ ಕೈ ಹಿಡಿದು ಪುಟ್ಟತಾಯಿಯನ್ನ ಜೋಪಾನವಾಗಿ ಇಳಿಸಿದ. "ಡ್ರೈವರ್ ಪಕ್ಕದ ಸೀಟಲ್ಲೇ ಕೂರ್ಸಿದ್ದೆ ಕಣಮ್ಮ, ಬಸ್ಸನ್ನ ಒಂದು ಗುಂಡಿಗೂ ಇಳಿಸ್ಲಿಲ್ಲ" ಅಂದ. ಪುಟ್ಟತಾಯಿ ನಗ್ತಾ ಇದ್ದಳು. ಚೆಲುವಮ್ಮ ಅವಳನ್ನ ತಬ್ಬಿಕೊಂಡು ರಸ್ತೇಲೇ ಅತ್ತಳು. ಹೆಂಗಸರು ಆರತಿ ತಟ್ಟೆ ಅಲ್ಲಿಗೇ ಹೊತ್ತು ತಂದರು.

ಜವರ ಮಾತ್ರ ಬಸ್ಸಿನ ಸುತ್ತ ಒಂದು ಸುತ್ತು ಬಂದ. ಮುಂದೆ ನೋಡಿದ, ಹಿಂದೆ ನೋಡಿದ, ಮೆಟ್ಟಿಲ ಹತ್ತಿರ ಕೈಯಾಡಿಸಿ ಲಾಕು ಹುಡುಕಿದ. ಆಮೇಲೆ ಗಾಬರಿಯಿಂದ ಓಡಿಬಂದು ತಾಯಿಯ ಸೆರಗು ಎಳೆದ.

"ಅವ್ವಾ, ಅತ್ತೆಗೆ ಹೇಳ್ಬೇಡ ಕಣವ್ವ. ಈ ಬಸ್ಸಿಗೆ ಬಾಗ್ಲೇ ಇಲ್ಲ!"